ಮೂರು ಗಂಟೆಯ ದೀದಿ

ಮನಾಂಗ್‌ಗೆ ಬಂದಿಳಿದ ಪರದೇಶದವರಿಗೆ ಲಾಡ್ಜಿನವರು ಕೋಣೆಯ ಬೀಗದ ಕೈ ಕೊಡುವಾಗಲೇ ಒಂದು ಮಾತು ಸೇರಿಸುತ್ತಾರೆ: ಮೂರು ಗಂಟೆಗೆ ಹೋಗಿ ದೀದಿ ಹೇಳುವುದನ್ನು ಕೇಳಿಕೊಂಡು ಬನ್ನಿ. ಎಲ್ಲಿ ಎಂದು ಯಾರೂ ಕೇಳಬೇಕಾಗಿಲ್ಲ. ಎರಡೂ ಮುಕ್ಕಾಲರ ಹೊತ್ತಿಗೆ ಊರಿನ ಬೀದಿಯಲ್ಲಿ ಬಣ್ಣಬಣ್ಣದ ಜಾಕೀಟುಗಳೆಲ್ಲ ಒಂದೇ ದಿಕ್ಕಿಗೆ ನಡೆಯುತ್ತಿರುತ್ತವೆ. ಅವುಗಳ ಹಿಂದೆ ಹೋದರೆ ಸಾಕು.

ದೀದಿಯ ಹೆಸರು ಮೆಂದೊ ಗುರುಂಗ್. ವಯಸ್ಸು ನಲವತ್ಮೂರು. ಊರಿನ ಮೇಲ್ತುದಿಯಲ್ಲಿರುವ ಪುಟ್ಟ ಚಿಕಿತ್ಸಾಲಯಕ್ಕೆ ಅವಳು ಸೇರಿದ್ದು ನೆಲ ಗುಡಿಸಲು ಮತ್ತು ನೀರು ಕಾಯಿಸಲು. ವೈದ್ಯರು ವರ್ಷದಲ್ಲಿ ಎರಡು ಸಲ ಬರುತ್ತಾರೆ, ಚಾರಣಿಗರು ಬರುವ ಕಾಲಕ್ಕೆ. ಉಳಿದ ತಿಂಗಳು ಆರೋಗ್ಯ ಸಹಾಯಕ ಬುಢಾ ಸರ್ ಒಬ್ಬರೇ. ಒಂದು ಶರತ್ಕಾಲದಲ್ಲಿ, ಮೂರು ಗಂಟೆಗೆ ಸರಿಯಾಗಿ, ಮಾತಾಡಬೇಕಿದ್ದ ವೈದ್ಯನಿಗೇ ವಾಂತಿ ಹಿಡಿಯಿತು. ಉದ್ದ ಕೋಣೆಯ ಬೆಂಚುಗಳ ಮೇಲೆ ಮೂವತ್ತು ಜನ ಕೂತಿದ್ದರು. ಬಾಗಿಲ ಹಿಂದೆ ಕೆಟಲು ಹಿಡಿದು ನಿಂತು ಅದೇ ಮಾತನ್ನು ನೂರಾರು ಸಲ ಕೇಳಿದ್ದ ಮೆಂದೊ ಒಳಗೆ ಹೋಗಿ ಮೊದಲಿಂದ ಕೊನೆಯವರೆಗೆ ಒಪ್ಪಿಸಿಬಿಟ್ಟಳು. ವೈದ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ ಜಾಗ ಬಂದಾಗ, ಕನ್ನಡಕವಿಲ್ಲದಿದ್ದರೂ, ಅವಳೂ ಅಷ್ಟೇ ಹೊತ್ತು ನಿಂತಳು. ಅಂದಿನಿಂದ ಆ ಕೆಲಸ ಅವಳದಾಯಿತು.

ಹೇಳುವುದು ನಲವತ್ತು ನಿಮಿಷ, ಇಂಗ್ಲಿಷಿನಲ್ಲಿ. ಎದುರಿನಿಂದ ಹೇಸರಗತ್ತೆಗಳು ಬಂದರೆ ಗುಡ್ಡದ ಕಡೆ ಒತ್ತಿ ನಿಲ್ಲಿ, ಕಣಿವೆಯ ಕಡೆ ನಿಲ್ಲಬೇಡಿ. ಅವು ಹೊರೆ ತಾಗಿಸಿದರೂ ತಿರುಗಿ ನೋಡುವುದಿಲ್ಲ. ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆ ನಿಮ್ಮ ಬಲಕ್ಕೆ ಇರುವಂತೆ ನಡೆಯಿರಿ. ಘಾಟಿಯ ನೆತ್ತಿಯನ್ನು ಬೆಳಿಗ್ಗೆ ಹತ್ತರೊಳಗೆ ದಾಟಿ, ಆಮೇಲೆ ಗಾಳಿ ಏಳುತ್ತದೆ. ಮೂರು ಸಾವಿರ ಮೀಟರು ದಾಟಿದ ಮೇಲೆ ನಿನ್ನೆ ಮಲಗಿದ ಜಾಗಕ್ಕಿಂತ ಐನೂರು ಮೀಟರಿಗೂ ಮೇಲೆ ಇವತ್ತು ಮಲಗಬೇಡಿ. ತಲೆನೋವು ಬಂದರೆ ಅಲ್ಲೇ ನಿಲ್ಲಿ. ಹೆಚ್ಚಾದರೆ ಇಳಿಯಿರಿ. ಬೆಳಗಾಗಲಿ ಎಂದು ಕಾಯಬೇಡಿ, ಜೊತೆಯವರು ಬರಲಿ ಎಂದೂ ಕಾಯಬೇಡಿ. ಕೊನೆಯಲ್ಲಿ ನೆಲದ ಮೇಲೆ ಬಳಿದ ಬಿಳಿ ಗೆರೆ ತೋರಿಸುತ್ತಾಳೆ. ಒಂದು ಹಿಮ್ಮಡಿಯ ಮುಂದೆ ಇನ್ನೊಂದು ಹಿಮ್ಮಡಿಯಿಟ್ಟು ಅದರ ಮೇಲೆ ನಡೆಯಲು ಯಾರಿಗೆ ಆಗುವುದಿಲ್ಲವೋ ಅವರ ತಲೆಗೆ ಎತ್ತರ ಏರಿದೆ ಎಂದು ಲೆಕ್ಕ. ‘ನನ್ನನ್ನ ಬಿಡಿ, ಸುಸ್ತಾಗಿದೆ, ಮಲಗ್ತೀನಿ’ ಅಂತ ಯಾರಾದರೂ ಅಂದರೆ, ಅವರನ್ನು ಮಾತ್ರ ಒಬ್ಬರನ್ನೇ ಬಿಡಬೇಡಿ.

ಬೆಳ್ಳುಳ್ಳಿ ಸಾರು ಕುಡಿದರೆ ಎತ್ತರದ ಕಾಯಿಲೆ ಬರುವುದಿಲ್ಲವಂತೆ, ನಿಜವೇ ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. “ಕುಡೀರಿ, ರುಚಿಯಾಗಿರುತ್ತೆ. ಔಷಧಿ ಅಲ್ಲ,” ಎನ್ನುತ್ತಾಳೆ ಮೆಂದೊ.

ಊರಿನವರು ಆ ಕೋಣೆಗೆ ಬರುವುದಿಲ್ಲ. ಬರಬೇಕೆಂದು ಅವರಿಗೂ ಅನ್ನಿಸಿಲ್ಲ, ಅವಳೂ ಕರೆದಿಲ್ಲ. ಅದು ಬಿಳಿಯರ ಕಾಯಿಲೆ, ಬಿಳಿಯರ ಭಾಷೆ. ಅವಳ ತಾಯಿ, ಊರಿನವರೆಲ್ಲ ಅಮಾ ಎಂದೇ ಕರೆಯುವ ಎಪ್ಪತ್ತೈದರ ಮುದುಕಿ, ಹತ್ತೊಂಬತ್ತು ವರ್ಷಗಳಿಂದ ಮಗಳು ಅಲ್ಲಿ ಏನು ಹೇಳುತ್ತಾಳೆಂದು ಒಂದು ದಿನವೂ ಕೇಳಿದವಳಲ್ಲ. “ಏನೋ ಪಾಠ ಹೇಳ್ತಾಳೆ,” ಎನ್ನುತ್ತಿದ್ದಳು ಅಷ್ಟೇ.

ಮೆಂದೊಗೆ ಒಬ್ಬನೇ ತಮ್ಮ, ನೋರ್ಸಾಂಗ್. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪ ಸತ್ತ ಮೇಲೆ ಬೆನ್ನ ಮೇಲೆ ಕಟ್ಟಿಕೊಂಡು ಅವನನ್ನು ಹೊತ್ತು ತಿರುಗಿದವಳು ಇವಳೇ. ಕುಣಿಯುವುದರಲ್ಲಿ, ಬಿಲ್ಲು ಹಿಡಿಯುವುದರಲ್ಲಿ, ಯಾಕ್‌ಗಳನ್ನು ಹಿಮದಿಂದ ಇಳಿಸಿ ತರುವುದರಲ್ಲಿ ಅವನಷ್ಟು ಚುರುಕಿನವರು ಓಣಿಯಲ್ಲಿರಲಿಲ್ಲ. ಏಳು ವರ್ಷದ ಹಿಂದೆ ದೋಹಾಕ್ಕೆ ಹೋದ. ಅಲ್ಲಿ ಮೀನು ಮಾಂಸ ಇಡುವ ಶೀತಗೃಹದಲ್ಲಿ ಕೆಲಸ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಒಳಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ. ತಲೆಗೆ ತುಪ್ಪಟದ ಟೋಪಿ ಹಾಕಿಕೊಂಡು, ಚಳಿಗೆ ಬಾಯಿಂದ ಹಬೆ ಉಗುಳುತ್ತಿರುವ ಫೋಟೋ ಕಳಿಸುತ್ತಿದ್ದ. ‘ನೋಡು, ಊರಲ್ಲೇ ಇದೀನಿ’ ಎಂದು ಕೆಳಗೆ ಬರೆಯುತ್ತಿದ್ದ.

ಎರಡು ತಿಂಗಳ ರಜೆ ಸಿಕ್ಕಿ ಅಕ್ಟೋಬರಿನಲ್ಲಿ ಅವನು ಕಾಠ್ಮಂಡುವಿಗೆ ಬಂದಿಳಿದ. ಇಳಿದ ಕೂಡಲೇ ಫೋನು ಮಾಡಿದ.

“ದೀದಿ, ನಾಡಿದ್ದು ಸಾಯಂಕಾಲ ಮನೇಲಿರ್ತೀನಿ. ಅಮಾಗೆ ಹೇಳು, ಫಾಪರ್ ರೊಟ್ಟಿ ಮಾಡಿಟ್ಟಿರಲಿ.”

“ನಾಡಿದ್ದು ಹೆಂಗೆ ಬರ್ತೀಯ? ಬೇಸಿಸಹರಲ್ಲಿ ಒಂದು ರಾತ್ರಿ, ಚಾಮೆಯಲ್ಲಿ ಒಂದು ರಾತ್ರಿ, ಪಿಸಾಂಗ್‌ನಲ್ಲಿ ಒಂದು ರಾತ್ರಿ ಇದ್ದು ಬಾ.”

“ಜೀಪು ಒಂದೇ ದಿನಕ್ಕೆ ಬರುತ್ತಂತಲ್ಲ?”

“ಜೀಪು ಬರುತ್ತೆ. ನೀನು ಬರಬೇಡ.”

ಆ ಕಡೆ ನಗು. “ನನಗೂ ಮೂರು ಗಂಟೆ ಪಾಠ ಶುರು ಮಾಡಿದೆಯಾ? ನಾನು ಹುಟ್ಟಿದ್ದೆಲ್ಲಿ ಮರೆತೆಯಾ, ದೀದಿ?”

“ಏಳು ವರ್ಷ ಸಮುದ್ರದ ಪಕ್ಕದಲ್ಲಿದ್ದೆ. ನಿನ್ನ ರಕ್ತ ಈಗ ಆ ಕಡೆಯವರ ರಕ್ತ.”

“ಏಳು ವರ್ಷ ಐಸಿನ ಕೋಣೇಲಿ ಇದ್ದೆ. ನನಗೆ ಚಳಿ ಕಲಿಸ್ತೀಯಾ ನೀನು?”

ಇದು ಚಳಿಯ ಮಾತಲ್ಲ, ತೆಳು ಗಾಳಿಯ ಮಾತು ಎಂದು ಅವಳು ಹೇಳುವಷ್ಟರಲ್ಲಿ ಅವನು ಕಾಠ್ಮಂಡುವಿನ ಧೂಳಿನ ಬಗ್ಗೆ ಏನೋ ಹೇಳಿ ಫೋನು ಇಟ್ಟುಬಿಟ್ಟ. ಮತ್ತೆ ಮಾಡಬಹುದಿತ್ತು. ಅವಳು ಮಾಡಲಿಲ್ಲ. ತಾಯಿ ಆಗಲೇ ಹಿಟ್ಟಿನ ಡಬ್ಬಿ ಇಳಿಸಿ ಕೂತಿದ್ದಳು.

ಹೇಳಿದ ದಿನವೇ ಬಂದ. ಜೀಪು ಬಂದಾಗ ಮೆಂದೊ ಬೆಂಚುಗಳ ಮುಂದೆ ನಿಂತಿದ್ದಳು. ಮುಗಿಸಿ ಮನೆಗೆ ಹೋದಾಗ ಒಲೆಯ ಸುತ್ತ ಓಣಿಯೇ ನೆರೆದಿತ್ತು. ನೋರ್ಸಾಂಗ್ ದಪ್ಪಗಾಗಿದ್ದ, ಬೆಳ್ಳಗಾಗಿದ್ದ, ಮುಂದಿನ ಹಲ್ಲೊಂದಕ್ಕೆ ಚಿನ್ನ ಕಟ್ಟಿಸಿಕೊಂಡಿದ್ದ. ಪಕ್ಕದ ಲಾಡ್ಜಿನ ಛೋಡೆನ್ ಮನೆಯಲ್ಲಿಳಿಸಿದ ಸಾರಾಯಿ, ರಕ್ಸಿ, ತಂದು ಕುಡಿಸುತ್ತಿದ್ದಳು.

“ತಲೆನೋವಿದೆಯಾ?” ಎಂದು ಮೆಂದೊ ಕೇಳಿದಳು.

“ಒಂಬತ್ತು ಗಂಟೆ ಆ ಜೀಪಲ್ಲಿ ಕೂತರೆ ಜೀಪಿಗೇ ತಲೆನೋವು ಬರುತ್ತೆ,” ಎಂದ. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ರಕ್ಸಿಯ ಬಟ್ಟಲನ್ನು ಅವನ ಕೈಯಿಂದ ತೆಗೆದಿಟ್ಟಳು. ಅವಳು ಆಚೆ ತಿರುಗಿದ ಮೇಲೆ ಛೋಡೆನ್ ಮತ್ತೆ ತುಂಬಿಸಿದಳು.

ಮಾರನೇ ದಿನ ಅವನು ಮನೆಮನೆಗೂ ಹೋದ. ಹಳೆಯ ಗೆಳೆಯರ ಜೊತೆ ಗುಡ್ಡದ ಮೇಲಿನ ಗೊಂಪಾ ಮಠದವರೆಗೂ ಹತ್ತಿ ಬಂದ. ಮುದುಕ ಲಾಮಾರ ಮುಂದೆ ಏದುಸಿರು ಬಿಟ್ಟನಂತೆ, ಅವರು ‘ದೋಹಾದ ಕೊಬ್ಬು’ ಎಂದು ತಮಾಷೆ ಮಾಡಿದರಂತೆ. ಸಂಜೆ ರೊಟ್ಟಿ ಅರ್ಧಕ್ಕೆ ಬಿಟ್ಟ. ಹಸಿವಿಲ್ಲ ಎಂದ.

ಮೂರನೇ ದಿನ ಚಿಕಿತ್ಸಾಲಯಕ್ಕೆ ಬೆಳಿಗ್ಗೆಯೇ ಕೆಲಸ ಹತ್ತಿಕೊಂಡಿತು. ಘಾಟಿಯ ಕೆಳಗಿನ ತಂಗುದಾಣದಿಂದ ಒಬ್ಬ ಪರದೇಶದ ಹೆಂಗಸನ್ನು ಕುದುರೆಯ ಮೇಲೆ ಕೂರಿಸಿ ಇಳಿಸಿ ತಂದಿದ್ದರು. ಬುಢಾ ಸರ್ ಮತ್ತು ಆ ಸಲದ ವೈದ್ಯೆ ಆಮ್ಲಜನಕ ಹಚ್ಚಿದರು, ಮೆಂದೊ ಹೆಂಗಸಿನ ಕೈ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಆಕೆ ಕಣ್ಣು ಬಿಟ್ಟು ತನ್ನ ಬೂಟು ಎಲ್ಲಿ ಎಂದು ಕೇಳಿದಳು. ಊಟಕ್ಕೆ ಮನೆಗೆ ಬಂದಾಗ ಎರಡೂವರೆ.

ನೋರ್ಸಾಂಗ್ ಮಾಳಿಗೆಯ ಮೇಲೆ, ಬಿಸಿಲಲ್ಲಿ, ಹುಲ್ಲಿನ ಹೊರೆಗೆ ಒರಗಿ ಮಲಗಿದ್ದ. ಒಂದು ಕಾಲಿನ ಷೂ ಕಳಚಿತ್ತು, ಇನ್ನೊಂದರ ದಾರ ಬಿಚ್ಚಿರಲಿಲ್ಲ. ತುಟಿಯ ಬಣ್ಣ ಸರಿಯಿರಲಿಲ್ಲ. ಅವಳು ಕೂತು ಭುಜ ಅಲುಗಿಸಿದಳು.

“ಏಳು ಸ್ವಲ್ಪ. ನಡೆದು ತೋರಿಸು.”

“ಬಿಡು ಮೆನ್‌ಮೆನ್,” ಎಂದ ಅವನು ಕಣ್ಣು ತೆರೆಯದೆ. ನಾಲಗೆ ಹೊರಳದ ವಯಸ್ಸಿನಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದ. “ಸುಸ್ತಾಗಿದೆ. ಏಳು ವರ್ಷ ಆಯ್ತು ಬಿಸಿಲಲ್ಲಿ ಹೀಗೆ ಮಲಗಿ. ಮಲಗ್ತೀನಿ.”

ತಾಯಿ ಕೆಳಗಿನಿಂದ ಕೂಗಿ ಹೇಳಿದಳು: “ಎಬ್ಬಿಸಬೇಡ ಅವನನ್ನ. ರಾತ್ರಿಯೆಲ್ಲ ಹೊರಳಾಡ್ತಿದ್ದ. ಈಗ ನಿದ್ದೆ ಹತ್ತಿದೆ.”

ಮೆಂದೊ ಕೂತೇ ಇದ್ದಳು. ಎಷ್ಟು ಹೊತ್ತು ಎಂದು ಆಮೇಲೆ ಅವಳಿಗೆ ಹೇಳಲಾಗಲಿಲ್ಲ. ಕಂಬಳಿ ತಂದು ಹೊದಿಸಿದಳು. ಬೆರಳಿಗೆ ಹಾಕುವ ಆಕ್ಸಿಮೀಟರ್ ಚಿಕಿತ್ಸಾಲಯದಲ್ಲಿತ್ತು. ಮುಗಿಸಿ ಬರುವಾಗ ತರುತ್ತೇನೆ ಎಂದುಕೊಂಡಳು. ಮೂರಕ್ಕೆ ಐದು ನಿಮಿಷವಿತ್ತು. ಎದ್ದು ಹೋದಳು.

ಅಂದು ಕೋಣೆ ತುಂಬಿತ್ತು, ಗೋಡೆಗೆ ಒರಗಿ ನಿಂತವರೂ ಇದ್ದರು. ಅವಳು ಹೇಸರಗತ್ತೆಗಳಿಂದ ಶುರುಮಾಡಿ ಬಿಳಿ ಗೆರೆಯವರೆಗೆ ಹೇಳಿದಳು. ಸುಸ್ತಾಗಿದೆ ಮಲಗ್ತೀನಿ ಎನ್ನುವವರನ್ನು ಒಬ್ಬರನ್ನೇ ಬಿಡಬೇಡಿ ಎಂಬುದನ್ನೂ ಹೇಳಿದಳು. ಬಾಯಿ ಹೇಳುತ್ತಿತ್ತು, ಅವಳು ಕೇಳಿಸಿಕೊಳ್ಳುತ್ತಿದ್ದಳು. ಹೇಳುತ್ತಿರುವವಳನ್ನು ಅಲ್ಲೇ ಬಿಟ್ಟು ಮನೆಗೆ ಓಡಬೇಕು ಎಂದು ಅನ್ನಿಸಿತು. ಓಡಲಿಲ್ಲ. ಒಬ್ಬ ಗಡ್ಡದವನು ಬೆಳ್ಳುಳ್ಳಿ ಸಾರಿನ ಬಗ್ಗೆ ಕೇಳಿದ. ಅವಳು ಉತ್ತರ ಕೊಟ್ಟಳು. ಮೇಲೆ ಎಟಿಎಂ ಇದೆಯಾ ಎಂದು ಇನ್ನೊಬ್ಬಳು ಕೇಳಿದಳು. ಅದಕ್ಕೂ ಕೊಟ್ಟಳು.

ಮನೆಗೆ ಬಂದಾಗ ನಾಲ್ಕೂ ಕಾಲು. ಮಾಳಿಗೆಯ ಮೇಲೆ ನೆರಳು ಬಿದ್ದಿತ್ತು. ಎಷ್ಟು ಅಲುಗಿಸಿದರೂ ಅವನು ಏಳಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು. ನಾಲ್ಕು ಜನ ಕಂಬಳಿಯ ಮೂಲೆಗಳನ್ನು ಹಿಡಿದು ಹೊತ್ತು ತಂದರು. ವೈದ್ಯೆ ಆಮ್ಲಜನಕ ಹಚ್ಚಿ, ಸೂಜಿ ಚುಚ್ಚಿ, ಇಳಿಸಬೇಕು, ಈಗಲೇ, ಎಂದಳು. ಹೆಲಿಕಾಪ್ಟರಿಗೆ ಫೋನು ಮಾಡಿದ್ದಾಯಿತು. ಕಣಿವೆಯಲ್ಲಿ ಗಾಳಿ, ಮೋಡ, ನಾಳೆ ಬೆಳಿಗ್ಗೆ ಎಂದರು. ಜೀಪಿನಲ್ಲಿ ಹಾಕಿಕೊಂಡು ಹೊರಟರು. ಮುಂದೆ ಚಾಲಕನ ಪಕ್ಕದಲ್ಲಿ ಬುಢಾ ಸರ್, ಹಿಂದೆ ಸಿಲಿಂಡರು ಹಿಡಿದು ಮೆಂದೊ, ಅವಳ ತೊಡೆಯ ಮೇಲೆ ತಲೆ. ಪಿಸಾಂಗ್ ದಾಟಿ, ಢಿಕುರ್ ಪೋಖರಿಯ ಹತ್ತಿರ, ಬೆಳಕು ಪೂರ್ತಿ ಹೋಗುವ ಮೊದಲೇ ಉಸಿರು ನಿಂತಿತು. ಅವಳಿಗೆ ತಿಳಿಯಿತು, ಆದರೆ ಹೇಳಲಿಲ್ಲ. ಎರಡು ತಿರುವು ಕಳೆದ ಮೇಲೆ ಬುಢಾ ಸರ್ ತಾವೇ ಹಿಂದಿರುಗಿ ನೋಡಿ, ಚಾಲಕನ ತೋಳು ಮುಟ್ಟಿ ಜೀಪು ನಿಲ್ಲಿಸಿದರು.

ಎಲ್ಲ ಕ್ರಮದಂತೆ ಆಯಿತು. ಲಾಮಾ ಬಂದರು, ದಿನ ನೋಡಿದರು, ನದಿಯ ಆಚೆ ಸುಟ್ಟರು. ತುಪ್ಪದ ದೀಪಗಳು ಉರಿದವು. ಓಣಿಯ ಹೆಂಗಸರು ಬಂದು ತಾಯಿಯನ್ನು ತಬ್ಬಿಕೊಂಡು ಅತ್ತರು. ಮೆಂದೊ ಬಂದವರಿಗೆಲ್ಲ ಚಹಾ ಕೊಟ್ಟಳು. ಅಳು ಬರಲಿ ಎಂದು ಒಂದೆರಡು ಸಲ ಕಾದು ನೋಡಿದಳು. ಕಾಲು ಜೋಮು ಹಿಡಿದಾಗ ಅದು ತನ್ನ ಕಾಲಲ್ಲ ಎನ್ನಿಸುತ್ತದಲ್ಲ, ಹಾಗೆ ಕುತ್ತಿಗೆಯಿಂದ ಹೊಟ್ಟೆಯವರೆಗೆ ಏನೂ ಇರಲಿಲ್ಲ. ನೋವೂ ಇರಲಿಲ್ಲ, ಅದೇ ಅವಳಿಗೆ ಆಶ್ಚರ್ಯ.

“ಅವನ ದಿನ ಮುಗಿದಿತ್ತು,” ಎಂದಳು ತಾಯಿ. “ಮನೆ ಮುಟ್ಟಲಿ ಅಂತ ಅಷ್ಟು ದೂರದಿಂದ ಎಳೆದು ತಂದು, ನನ್ನ ಕೈ ರೊಟ್ಟಿ ತಿನ್ನಿಸಿ, ಕರಕೊಂಡು ಹೋಯ್ತು.”

ಮೆಂದೊ ಆರುತ್ತಿದ್ದ ದೀಪಕ್ಕೆ ತುಪ್ಪ ಹಾಕಿದಳು.

ಐದನೇ ದಿನ ಕೆಲಸಕ್ಕೆ ಹೋದಳು. ಬುಢಾ ಸರ್ ಬಾಗಿಲಲ್ಲೇ ತಡೆದರು. ಅವರು ಜುಮ್ಲಾ ಕಡೆಯವರು, ಮೆಲುದನಿಯ ಮನುಷ್ಯ.

“ಮೆಂದೊಜಿ, ಸೂತಕದ ನಲವತ್ತೊಂಬತ್ತು ದಿನ ಕಳೀಲಿ. ನಾನೇ ಹೇಳ್ತೀನಿ ಅಲ್ಲೀವರೆಗೆ.”

“ಮನೇಲಿದ್ದು ಏನು ಮಾಡ್ಲಿ, ಸರ್?”

ಅವರು ಬಾಗಿಲು ಬಿಟ್ಟು ಸರಿದರು. ಮೂರಕ್ಕೆ ಅವಳು ಬೆಂಚುಗಳ ಮುಂದೆ ನಿಂತಳು. ಒಂದು ಪದ ತಪ್ಪಲಿಲ್ಲ. ಮುಗಿದ ಮೇಲೆ ಒಬ್ಬ ಮುದುಕ ಎದ್ದು ಬಂದು, ಇಷ್ಟು ಶಾಂತವಾಗಿ, ಹೆದರಿಸದೆ ಹೇಳಿದ್ದಕ್ಕೆ ಕೈ ಕುಲುಕಿದ.

ಚಳಿಗಾಲ ಬಂತು. ಅರ್ಧ ಊರು ಕೆಳಗಿಳಿದು ಹೋಯಿತು. ಉಳಿದವರು ಒಲೆಯ ಮುಂದೆ ಕೂತು ಮಾತಾಡುವ ಕಾಲ ಅದು. ನಲ್ಲಿಯ ಹತ್ತಿರ ಛೋಡೆನ್ ಇನ್ನೊಬ್ಬಳಿಗೆ ಹೇಳುತ್ತಿದ್ದುದು ಒಮ್ಮೆ ಮೆಂದೊಗೆ ಕೇಳಿಸಿತು: “ಜಗತ್ತಿಗೆಲ್ಲ ಹೇಳ್ತಾಳೆ. ಬೆನ್ನ ಮೇಲೆ ಹೊತ್ತು ಸಾಕಿದವನಿಗೆ ಹೇಳೋಕಾಗಲಿಲ್ಲ.” ಛೋಡೆನ್ ತಿರುಗಿ ನೋಡಿ ಬೆಪ್ಪಾದಳು. ಮೆಂದೊ ಕೊಡ ಇಟ್ಟು, ತುಂಬಿದ ಮೇಲೆ ಎತ್ತಿಕೊಂಡಳು. ಮಾತು ಚುಚ್ಚುತ್ತದೆಯೇನೋ ಎಂದು ದಾರಿಯುದ್ದಕ್ಕೂ ಗಮನಿಸಿದಳು. ಚುಚ್ಚಲಿಲ್ಲ. ಅದರಲ್ಲಿ ಸುಳ್ಳೇನಿರಲಿಲ್ಲ.

ಮಾರ್ಚಿನಲ್ಲಿ ದಾರಿ ತೆರೆದಾಗ ಬುಢಾ ಸರ್ ಒಂದು ಮಾತು ಎತ್ತಿದರು. ತಪ್ಪು ತಿಳಿಯಬೇಡಿ ಎಂದು ಮೂರು ಸಲ ಹೇಳಿ, “ನೋರ್ಸಾಂಗ್ ಭಾಯಿ ವಿಷಯ ಆ ಕೋಣೇಲಿ ಹೇಳಿದರೆ ಹೆಂಗೆ? ಹತ್ತು ಚಿತ್ರ ತೋರಿಸಿದರೂ ನಾಟದ್ದು ಅದೊಂದು ಹೇಳಿದರೆ ನಾಟುತ್ತೆ. ಒಬ್ಬರಾದ್ರೂ ಉಳೀಬಹುದು,” ಎಂದರು.

“ಅದು ಅವರಿಗೆ ಹೇಳೋದಲ್ಲ, ಸರ್,” ಎಂದಳು ಮೆಂದೊ. ಮತ್ತೆ ಯಾರಿಗೆ ಹೇಳುವುದು ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಗೊತ್ತಿರಲಿಲ್ಲ.

ಏಪ್ರಿಲ್ ಕೊನೆಯ ವಾರ. ಮಧ್ಯಾಹ್ನ ಎರಡು ದಾಟಿತ್ತು. ಮನೆಯಿಂದ ಚಿಕಿತ್ಸಾಲಯಕ್ಕೆ ಹೊರಟ ಮೆಂದೊ ಜೀಪ್ ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ಮುಂದೆ ನಾಲ್ಕು ಮೋಟಾರ್ ಸೈಕಲ್ ನಿಂತಿರುವುದನ್ನು ನೋಡಿದಳು. ಚಿತ್ವನ್ ಕಡೆಯ ನಂಬರು. ಈಗೀಗ ತರಾಯಿಯ ಬಯಲಿನಿಂದ, ಕಾಠ್ಮಂಡುವಿನಿಂದ ನೇಪಾಳಿ ಹುಡುಗರು ಹೀಗೆ ಗುಂಪುಕಟ್ಟಿಕೊಂಡು ಬಂದು, ತಿಲಿಚೊ ಕೊಳದ ಮುಂದೆ ಫೋಟೋ ತೆಗೆಸಿಕೊಂಡು, ಎರಡು ದಿನದಲ್ಲಿ ಇಳಿದುಬಿಡುತ್ತಾರೆ. ಮೂವರು ನೂಡಲ್ಸ್ ತಿನ್ನುತ್ತಿದ್ದರು. ನಾಲ್ಕನೆಯವನು ಬೈಕಿನ ಮೇಲೇ ಕೂತು ಹ್ಯಾಂಡಲ್ಲಿಗೆ ತಲೆಯಿಟ್ಟಿದ್ದ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬೆರಳು ತಡಕಾಡುತ್ತಿದ್ದವು, ಪಟ್ಟಿ ಸಿಗುತ್ತಿರಲಿಲ್ಲ.

ಅವಳು ದಾಟಿ ಹತ್ತು ಹೆಜ್ಜೆ ಹೋದಳು. ನಿಂತಳು. ಹಿಂದಕ್ಕೆ ಬಂದಳು.

“ಏನಾಗಿದೆ ಇವರಿಗೆ?”

“ಏನಿಲ್ಲ ದೀದಿ, ಸುಸ್ತು,” ಎಂದ ನೂಡಲ್ಸ್ ತಿನ್ನುತ್ತಿದ್ದ ಎತ್ತರದವನು. ಅವನ ಹೆಸರು ಸಂತು ಚೌಧರಿ ಎಂದು ಆಮೇಲೆ ಗೊತ್ತಾಯಿತು, ಶಾಲೆಯ ಮೇಷ್ಟ್ರು. “ನಿನ್ನೆಯಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಸ್ವಲ್ಪ ಮಲಗಿದರೆ ಸರಿಹೋಗ್ತಾನೆ. ಆಮೇಲೆ ಖಂಗ್ಸಾರ್‌ಗೆ ಹತ್ತುತ್ತೀವಿ.”

“ಎಲ್ಲಿಂದ ಯಾವಾಗ ಹೊರಟ್ರಿ?”

“ಭರತ್‌ಪುರದಿಂದ ನಿನ್ನೆ ಬೆಳಿಗ್ಗೆ.”

ಮೆಂದೊ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಅವನನ್ನು ಇಳಿಸಿದಳು. ಮಣ್ಣಿನಲ್ಲಿ ಚಪ್ಪಲಿಯ ತುದಿಯಿಂದ ಗೆರೆ ಎಳೆದು, ಇದರ ಮೇಲೆ ನಡಿ ಎಂದಳು. ಅವನು ಎರಡನೇ ಹೆಜ್ಜೆಗೆ ಪಕ್ಕಕ್ಕೆ ವಾಲಿ, ಅವಳ ತೋಳು ಹಿಡಿದುಕೊಂಡು, ತಮಾಷೆ ಎಂಬಂತೆ ನಕ್ಕ.

“ಇವರನ್ನ ಈಗಲೇ ಕೆಳಗಿಳಿಸಬೇಕು,” ಎಂದಳು.

ಸಂತು ಚೌಧರಿ ಬಾಯಿ ಒರೆಸಿಕೊಂಡ. “ದೀದಿ, ಅದೆಲ್ಲ ಬಿಳಿಯರಿಗೆ, ಗೋರೆಗಳಿಗೆ. ನಾವು ನೇಪಾಳಿಗಳು. ಸ್ವಂತ ದೇಶದ ಗುಡ್ಡಕ್ಕೆ ನಮಗೇನು ಆಗುತ್ತೆ?”

ಮೆಂದೊ ಬೈಕುಗಳ ಹತ್ತಿರ ಹೋದಳು. ನಾಲ್ಕೂ ಬೈಕಿನ ಕೀ ಕಿತ್ತು ಅಂಗಿಯ ಒಳಜೇಬಿಗೆ ಹಾಕಿಕೊಂಡಳು.

“ಏಯ್, ಏನು ಮಾಡ್ತಿದೀರ? ಯಾರು ನೀವು?”

“ಕೀ ನನ್ನ ಹತ್ರ ಇದೆ. ಬೈಯೋದಿದ್ರೆ ಬೈಯಿರಿ. ಮೊದಲು ಇವರನ್ನ ಎತ್ತಿ.”

ಬೈದರು. ಹುಚ್ಚಿ ಎಂದರು, ಜೀಪಿನವರ ದಲ್ಲಾಳಿ ಎಂದರು, ಪೊಲೀಸರನ್ನು ಕರೆಯುತ್ತೇವೆ ಎಂದರು. ಚಹಾದಂಗಡಿಯವನು ಬುಢಾ ಸರ್‌ಗೆ ಫೋನು ಮಾಡಿದ. ಅವರು ಓಡಿ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದರು. ಎಂಬತ್ತರ ಮೇಲಿರಬೇಕಾದದ್ದು ಐವತ್ತೆಂಟು ಬಂತು. ಮೇಷ್ಟ್ರು ನೂಡಲ್ಸಿನ ಬಟ್ಟಲು ಕೆಳಗಿಟ್ಟ. “ನನ್ನ ಹೆಂಡತಿ ತಮ್ಮ ಇವನು,” ಎಂದ, ಯಾರೂ ಕೇಳದಿದ್ದರೂ.

ಸಿಲಿಂಡರು ತಂದು ಜೀಪಿಗೆ ಹಾಕಿದರು. ಆ ವಾರ ವೈದ್ಯರು ಊರಲ್ಲಿರಲಿಲ್ಲ, ಬುಢಾ ಸರ್ ಊರು ಬಿಡುವಂತಿರಲಿಲ್ಲ. ಮೆಂದೊ ಹಿಂದೆ ಹತ್ತಿ ಕೂತಳು, ಮೇಷ್ಟ್ರು ಚಾಲಕನ ಪಕ್ಕದಲ್ಲಿ. ಮೂರು ಗಂಟೆಯಾಗಿತ್ತು. ತಮ್ಮ ಸತ್ತಾಗಿನ ಆ ಕೆಲವು ದಿನ ಬಿಟ್ಟರೆ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಬೆಂಚುಗಳ ಮುಂದೆ ಅವಳಿರಲಿಲ್ಲ. ಅದು ಅವಳ ಗಮನಕ್ಕೆ ಬಂದದ್ದು ಪಿಸಾಂಗ್ ದಾಟಿದ ಮೇಲೆ.

ಅಕ್ಟೋಬರಿನಿಂದ ಈಚೆಗೆ ಅವಳು ಈ ದಾರಿಯಲ್ಲಿ ಬಂದಿರಲಿಲ್ಲ. ಢಿಕುರ್ ಪೋಖರಿ ಬಂತು, ಹೋಯಿತು. ಆ ತಿರುವು ಯಾವುದೆಂದು ಗುರುತು ಸಿಗಲಿಲ್ಲ. ಹಿಮ ಕರಗಿ ರಸ್ತೆಯ ಅಂಚು ಕುಸಿದು, ಬುಲ್ಡೋಜರಿನವರು ಅಗಲ ಮಾಡಿದ್ದರು. ಕೆಳಗೆ ಸೇಬಿನ ತೋಟಗಳು ಹೂಬಿಟ್ಟಿದ್ದವು. ತೊಡೆಯ ಮೇಲಿದ್ದ ಹುಡುಗನ ತಲೆ ಭಾರವಾಗಿ ಕಾಲು ಮರಗಟ್ಟಿತ್ತು. ಅವಳು ನಿಮಿಷಕ್ಕೊಮ್ಮೆ ಅವನ ಉಸಿರು ಎಣಿಸುತ್ತಿದ್ದಳು, ಬೇರೆ ಏನೂ ಯೋಚಿಸುತ್ತಿರಲಿಲ್ಲ.

ಚಾಮೆ ಮುಟ್ಟುವ ಹೊತ್ತಿಗೆ ಅವನು ಕಣ್ಣು ಬಿಟ್ಟು ನೀರು ಕೇಳಿದ. ನೀರು ಕುಡಿದು, “ನೀವು ಯಾರು?” ಎಂದ.

“ಮೇಲೆ ಕೆಲಸ ಮಾಡ್ತೀನಿ,” ಎಂದಳು.

ಆಸ್ಪತ್ರೆಯಲ್ಲಿ ಅವನನ್ನು ಒಪ್ಪಿಸಿ ಹೊರಗೆ ಬಂದಾಗ ಸಂತು ಚೌಧರಿ ಗೋಡೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಜೇಬಿನಿಂದ ಕೀಗಳನ್ನು ತೆಗೆದು ಕೊಟ್ಟಳು. ಅವನು ತಲೆಯೆತ್ತದೆ ಕೇಳಿದ:

“ಇದನ್ನ ನಮಗೆ ಯಾರೂ ಯಾಕೆ ಹೇಳಲಿಲ್ಲ, ದೀದಿ? ದಾರಿಯುದ್ದಕ್ಕೂ ಮೂರು ಚೌಕಿಗಳಲ್ಲಿ ಹೆಸರು ಬರೆಸಿಕೊಂಡ್ರು. ಎಲ್ಲಿಗೆ ಹೋಗ್ತೀರಿ ಅಂತ ಕೇಳಿದ್ರು. ಹಿಂಗೆ ಹೋಗಬೇಡಿ ಅಂತ ಒಬ್ಬರೂ ಹೇಳಲಿಲ್ಲ.”

“ದಿನಾ ಹೇಳ್ತೀನಿ,” ಎಂದಳು ಮೆಂದೊ. “ಇಂಗ್ಲಿಷಲ್ಲಿ.”

ಹೇಳಿದ ಮೇಲೆ ಅದು ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಮಾರನೇ ದಿನ ಊರಿಗೆ ಮರಳಿ, ಬುಢಾ ಸರ್ ಹತ್ತಿರ ಅನುಮತಿ ಕೇಳಿದಳು. ಜೀಪುಗಳೂ ಬೈಕುಗಳೂ ಹೆಚ್ಚಾಗಿ ಬಂದು ಸೇರುವುದು ಮಧ್ಯಾಹ್ನ ಒಂದರಿಂದ ಎರಡರೊಳಗೆ. ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಂತು ನೇಪಾಳಿಯಲ್ಲಿ ಹೇಳುತ್ತೇನೆ ಎಂದಳು. ಇದಕ್ಕೆಲ್ಲ ಅನುಮತಿ ಯಾಕೆ ಎಂದರು ಅವರು.

ಮೊದಲ ದಿನ ಯಾರೂ ನಿಲ್ಲಲಿಲ್ಲ. ಲಾಡ್ಜಿಗೆ ಕರೆಯುವವಳು ಎಂದುಕೊಂಡು, “ಬೇಡ ದೀದಿ, ರೂಮ್ ಆಗಿದೆ,” ಎಂದು ದಾಟಿ ಹೋದರು. ಎರಡನೇ ದಿನ ಒಬ್ಬ ಹೊಗೆಸೊಪ್ಪು ತಿಕ್ಕುತ್ತ ನಿಂತ. ನಲವತ್ತು ನಿಮಿಷದ್ದು ಇಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಗಿ ಐದು ನಿಮಿಷಕ್ಕೆ ಇಳಿಸಿದಳು. ಇಂಗ್ಲಿಷಿನಲ್ಲಿ ಹೇಳುವಾಗ ಪದಗಳು ಸಾಲಾಗಿ ತಾವೇ ಬರುತ್ತಿದ್ದವು. ನೇಪಾಳಿಯಲ್ಲಿ ಪ್ರತಿಯೊಂದನ್ನೂ ಹುಡುಕಿ ಹೇಳಬೇಕಾಗುತ್ತಿತ್ತು, ಹೇಳಿದ್ದರ ಅರ್ಥ ತನಗೇ ಮೊದಲು ತಟ್ಟುತ್ತಿತ್ತು. ಅದು ಅವಳಿಗೆ ಇಷ್ಟವಾಗಲಿಲ್ಲ. ಆದರೂ ಹೋದಳು. ವಾರ ಕಳೆಯುವಷ್ಟರಲ್ಲಿ ಜೀಪಿನ ಚಾಲಕರೇ, “ಇಳೀರಿ, ದೀದಿ ಎರಡು ಮಾತು ಹೇಳ್ತಾರೆ, ಆಮೇಲೆ ಚೀಲ ಇಳಿಸ್ತೀನಿ,” ಎನ್ನತೊಡಗಿದರು.

ಮೇ ತಿಂಗಳ ಒಂದು ದಿನ ಅಮಾ ಸ್ಟ್ಯಾಂಡಿಗೆ ಬಂದಿದ್ದಳು. ಕೆಳಗಿನಿಂದ ಅಕ್ಕಿ ಮೂಟೆ ಬರುವುದಿತ್ತು. ಡೋಕೊ ಬುಟ್ಟಿ ಬೆನ್ನಿಗೆ ಹಾಕಿಕೊಂಡು, ಜನರ ಹಿಂದೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಮೆಂದೊ ಅವಳನ್ನು ನೋಡಲಿಲ್ಲ. ಆ ದಿನ ಇಪ್ಪತ್ತು ಜನರಿದ್ದರು.

“ಇಲ್ಲೇ ಹುಟ್ಟಿದವರಿಗೂ ಆಗುತ್ತೆ,” ಎನ್ನುತ್ತಿದ್ದಳು. “ಕೆಳಗೆ ಹೋಗಿ ವರ್ಷಗಟ್ಟಲೆ ಇದ್ದು, ಒಂದೇ ದಿನಕ್ಕೆ ಜೀಪಲ್ಲಿ ಬಂದರೆ ಆಗುತ್ತೆ. ಮೊದಲು ತಲೆನೋವು. ಊಟ ಸೇರಲ್ಲ. ಮಾತು ತೊದಲುತ್ತೆ. ಸುಸ್ತಾಗಿದೆ, ಮಲಗ್ತೀನಿ, ಬಿಡಿ ಅಂತಾರೆ. ಬಿಡಬೇಡಿ. ಎಬ್ಬಿಸಿ. ಆಗಲೇ ಇಳಿಸಿದರೆ ಉಳೀತಾರೆ.”

ಜನ ಚದುರಿದ ಮೇಲೆ ತಾಯಿ ಕಂಡಳು. ಇಬ್ಬರೂ ಮೂಟೆಯನ್ನು ಬುಟ್ಟಿಗೆ ಇಳಿಸಿದರು. ಮೆಂದೊ ಬುಟ್ಟಿ ಹೊರುವ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಎದ್ದಳು. ತಾಯಿ ಪಕ್ಕದಲ್ಲೇ ನಡೆದು ಬಂದಳು. ಮಂತ್ರಚಕ್ರಗಳ ಗೋಡೆ ಬಂದಾಗ ಅಭ್ಯಾಸದಂತೆ ಒಂದೊಂದನ್ನೇ ತಿರುಗಿಸುತ್ತ ಹೋಗಿ, ಕೊನೆಯದನ್ನು ತಿರುಗಿಸದೆ ನಿಂತಳು.

“ನೋರ್ಸಾಂಗ್‌ಗೆ ಆಗಿದ್ದು ಅದೇನಾ?”

“ಅದೇ.”

“ಅವತ್ತು ಮಾಳಿಗೆ ಮೇಲೆ ನೋಡಿದೆಯಲ್ಲ. ಗೊತ್ತಾಗಿತ್ತಾ ನಿನಗೆ?”

ಹಣೆಯ ಮೇಲಿನ ಪಟ್ಟಿ ಬಿಗಿದಿತ್ತು. ತಲೆ ಎತ್ತುವಂತಿರಲಿಲ್ಲ. “ಗೊತ್ತಾಗಿತ್ತು, ಅಮಾ.”

“ಎಬ್ಬಿಸಬೇಡ ಅಂದಿದ್ದು ನಾನು.”

“ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.”

ತಾಯಿ ಮುಂದೆ ನಡೆದಳು. ಮನೆಗೆ ಹೋಗಿ ಒಲೆ ಹಚ್ಚಿದಳು, ಆಲೂಗಡ್ಡೆ ಬೇಯಿಸಿದಳು, ಮಗಳ ಮುಂದೆ ತಟ್ಟೆ ಇಟ್ಟಳು. ತಾನು ಉಣ್ಣಲಿಲ್ಲ. ಮಾರನೇ ದಿನವೂ ಮಾತಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೆಂದೊ ಹೊಲಕ್ಕೆ ಗೊಬ್ಬರ ಹೊತ್ತಳು, ಒಂದು ಗಂಟೆಗೆ ಸ್ಟ್ಯಾಂಡಿಗೆ ಹೋದಳು, ಮೂರಕ್ಕೆ ಬೆಂಚುಗಳ ಮುಂದೆ ನಿಂತಳು. ತಾಯಿ ಬೈಯಲಿ ಎಂದು ಕಾದಳೇ, ಬೈಯದಿರಲಿ ಎಂದೇ, ತಿಳಿಯದು. ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ, ಚಳಿಗೆ ಮರಗಟ್ಟಿದ ಬೆರಳನ್ನು ಬೆಂಕಿಯ ಹತ್ತಿರ ಹಿಡಿದಾಗ ಶುರುವಾಗುವಂಥದ್ದು, ಸಣ್ಣಗೆ, ಇರಿಯತೊಡಗಿತ್ತು.

ನಾಲ್ಕನೇ ದಿನ ಸ್ಟ್ಯಾಂಡಿನಲ್ಲಿ ತಾಯಿ ಮತ್ತೆ ಬಂದು ಅದೇ ಕಲ್ಲಿನ ಮೇಲೆ ಕೂತಳು. ಯಾವ ಮೂಟೆಯೂ ಬರುವುದಿರಲಿಲ್ಲ. ಮೆಂದೊ ಹೇಳಿ ಮುಗಿಸುವವರೆಗೆ ಕೈಯಲ್ಲಿ ಉಣ್ಣೆ ನೂಲುತ್ತ ಕೂತಿದ್ದಳು. ಆಮೇಲೆ ಮಂಡಿ ಹಿಡಿದು ಎದ್ದಳು.

“ನಾಳೆ ಸ್ವಲ್ಪ ಜೋರಾಗಿ ಹೇಳು,” ಎಂದಳು. “ಹಿಂದೆ ಕೂತವರಿಗೆ ಕೇಳಿಸಲ್ಲ.”